ಸೌದೆ ಸೀಳುವ ಸದ್ದು

ಹಂಡೆಯನ್ನು ಕೊಟ್ಟಿಗೆಯ ಪಕ್ಕ ಮೂರು ಕಲ್ಲಿನ ಮೇಲೆ ಕೂರಿಸಿದ್ದು ಸುನಂದಮ್ಮ ಒಬ್ಬಳೇ. ನಿಂಗಯ್ಯ ಎದ್ದು ಹಿತ್ತಿಲಿಗೆ ಬರುವ ಹೊತ್ತಿಗೆ ಕೆಳಗೆ ಬೆಂಕಿ ಹತ್ತಿ, ಹೊಗೆ ನುಗ್ಗೆಮರದ ಕಡೆ ವಾಲಿಕೊಂಡು ಹೋಗುತ್ತಿತ್ತು. ಅಷ್ಟು ದೊಡ್ಡ ತಾಮ್ರದ ಹಂಡೆಯನ್ನು ಹೆಂಗಸೊಬ್ಬಳು ಎತ್ತಲಾರಳು, ಉರುಳಿಸಿಕೊಂಡೇ ತಂದಿರಬೇಕು. ಉರುಳಿಸಿದ್ದರೆ ಸದ್ದಾಗಬೇಕಿತ್ತು, ಸದ್ದಾಗಿದ್ದರೆ ತನಗೆ ಎಚ್ಚರವಾಗಬೇಕಿತ್ತು. ಎಚ್ಚರವಾಗಿಯೇ ಇತ್ತಲ್ಲ, ಎಂದುಕೊಂಡ. ಎಲ್ಲ ಕೇಳಿಸಿಕೊಂಡು, ಏನದು ಎಂದು ಕೇಳುವ ಧೈರ್ಯವಿಲ್ಲದೆ, ಗೋಡೆ ಕಡೆ ತಿರುಗಿ ಮಲಗಿದ್ದೆ. ಹಂಡೆ ಕೊಟ್ಟಿಗೆ ಪಕ್ಕಕ್ಕೆ ಬಂತು ಅಂದರೆ ಮಗಳಿಗೆ ಮೊದಲ ಬಾಣಂತಿ ನೀರು ಹಾಕುವುದು ಹೊಸ ಬಚ್ಚಲುಮನೆಯಲ್ಲಿ ಅಲ್ಲ ಎಂದೇ ಅರ್ಥ. ಹೆಂಡತಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳು ಈಚೆಗೆ ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಸೌದೆ ಕೂಡ ಮನೆಯದಲ್ಲ, ಬೇಲಿಯಾಚೆಯ ಬಸವಮ್ಮನ ಮನೆಯಿಂದ ಸೀಳಿದ್ದನ್ನೇ ಹೊತ್ತು ತಂದಿದ್ದಳು. ತಮ್ಮ ಮನೆಯ ತುಂಡುಗಳು ನುಗ್ಗೆಮರದ ಬುಡದಲ್ಲಿ ಹಾಗೇ ಬಿದ್ದಿದ್ದವು, ಕೊಡಲಿ ಮೇಲೆಯೇ ನೆಟ್ಟಿತ್ತು. ಆ ಫೋನು ಬಂದ ದಿನದಿಂದ ನಿಂಗಯ್ಯ ಕೊಡಲಿ ಮುಟ್ಟಿರಲಿಲ್ಲ.

ಹಿತ್ತಿಲ ಬಾಗಿಲಿನ ಎಡಕ್ಕೆ ಹೊಸ ಬಚ್ಚಲುಮನೆ ಬಾಗಿಲು ಹಾಕಿಕೊಂಡು ನಿಂತಿತ್ತು. ಹಸಿರು ಬಣ್ಣದ ಬಾಗಿಲು, ಅದರ ಮೇಲೆ ಗಾಳಿಯಾಡಲು ಬಿಟ್ಟ ಗೇಣಗಲದ ಕಿಂಡಿ. ಒಳಗೆ ಏನೇನಿದೆ ಎಂದು ನೋಡದೆಯೇ ಹೇಳಬಲ್ಲ. ತಿಳಿಹಸಿರು ಟೈಲ್ಸು, ಹುಣಸೂರಿನ ಅಂಗಡಿಯವನು ಬೇಸತ್ತು ಹೋಗುವ ತನಕ ಉಗುರಿನಲ್ಲಿ ತಟ್ಟಿ ತಟ್ಟಿ ಆರಿಸಿದ್ದು. ನೀರು ಬೀಳುವ ಕಡೆ ಹೊಳೆಯಿಂದ ಆಯ್ದು ತಂದ ದುಂಡುಕಲ್ಲು, ನಿಂತರೆ ಅಂಗಾಲಿಗೆ ಹಿತವಾಗಿ ಒತ್ತಬೇಕು. ಮೇಲಿಂದ ಮಳೆಯ ಹಾಗೆ ಬಿಸಿನೀರು ಸುರಿಯುವ ಶವರು, ಗೀಜರು, ಕೂತು ಮೀಯಲು ಹಲಸಿನ ಮಣೆ, ಹೊರಗಿನವರಿಗೆ ಕಾಣದ ಹಾಗೆ ಮಸುಕು ಗಾಜಿನ ಕಿಟಕಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದು ಮನಿಪ್ಲಾಂಟು. ಗೋಡೆಯನ್ನು ದಪ್ಪ ಕಟ್ಟಿಸಿದ್ದ. ಒಳಗೆ ಕೂತವಳಿಗೆ ದನದ ಕೂಗು, ಟೀವಿ, ಬೀದಿಯ ಜಗಳ ಒಂದೂ ಕೇಳಬಾರದು. ಗಾರೆ ಕೆಲಸದ ಕಂಠಪ್ಪ, ದೇವಸ್ಥಾನದ ಗರ್ಭಗುಡಿಗೂ ಯಾರೂ ಇಷ್ಟು ದಪ್ಪ ಹಾಕಿಸುವುದಿಲ್ಲ ಎಂದು ನಕ್ಕಿದ್ದ. ಅವನು ಕೊನೆಯ ಮೂಲೆಯ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದಾಗಲೇ ಪಿರಿಯಾಪಟ್ಟಣದಿಂದ ಅಳಿಯ ಚಲುವರಾಜುವಿನ ಫೋನು ಬಂದಿದ್ದು. ತಿಂಗಳು ತುಂಬುವ ಮೊದಲೇ ನೋವು ಬಂತು, ಮಗು ಉಳಿಯಲಿಲ್ಲ. ಕಂಠಪ್ಪ ಕರಣೆ ತೊಳೆದುಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆ ಸಂದಿ ಇನ್ನೂ ಹಾಗೇ ಇದೆ.

ಈ ಬಚ್ಚಲುಮನೆಯ ಹುಚ್ಚು ಹತ್ತಿದ್ದು ಕಾಕನಕೋಟೆ ಕಡೆಯ ಒಂದು ರೆಸಾರ್ಟಿನಲ್ಲಿ. ಅಲ್ಲಿಗೆ ಬಾಳೆಗೊನೆ, ತರಕಾರಿ ಹಾಕುತ್ತಿದ್ದವನು ನಿಂಗಯ್ಯನೇ. ಒಂದು ಮಳೆಗಾಲ ಅವರ ಗೇಟಿನ ಹತ್ತಿರವೇ ಟೆಂಪೋ ಹೂತು, ತಳ್ಳಲು ಹೋಗಿ ಮುಖ ಅಡಿಯಾಗಿ ಕೆಸರಿಗೆ ಬಿದ್ದ. ಮ್ಯಾನೇಜರು ಚಿಕ್ಕ ವಯಸ್ಸಿನವನು, ಪಾಪ ಅನ್ನಿಸಿತೋ ಏನೋ, ಖಾಲಿ ಇದ್ದ ಕಾಟೇಜಿನ ಬಾತ್‌ರೂಮು ತೆಗೆಸಿಕೊಟ್ಟ. ಒಳಗೆ ಕಾಲಿಟ್ಟ. ಹಳದಿ ಬೆಳಕು, ಗಂಧದ ವಾಸನೆ, ಕಾಲ ಕೆಳಗೆ ನುಣ್ಣನೆ ಕಲ್ಲು. ನೀರು ಬೀಳುವ ಸದ್ದು ಬಿಟ್ಟರೆ ಲೋಕದಲ್ಲಿ ಇನ್ನೊಂದು ಸದ್ದಿರಲಿಲ್ಲ. ಇಷ್ಟು ವರ್ಷ ಮೈ ತೊಳೆದುಕೊಂಡಿದ್ದೆ, ಮಿಂದದ್ದು ಇವತ್ತೇ ಅನ್ನಿಸಿತು. ಅಲ್ಲೇ ಮಗಳು ಪವಿತ್ರಾ ನೆನಪಾದಳು. ಅವಳು ಸಣ್ಣವಳಿದ್ದಾಗ ಹಳೇ ಬಚ್ಚಲಿನ ಹೊಗೆಗೆ ಕಣ್ಣು ಬಿಡಲಾರದೆ, ಸೀಗೆಪುಡಿ ಉರಿಯೂ ಸೇರಿ, ಊರೆಲ್ಲ ಕೇಳುವ ಹಾಗೆ ಅರಚುತ್ತಿದ್ದಳು. ಅವಳ ಬಾಣಂತನದ ಹೊತ್ತಿಗೆ ಮನೆಯಲ್ಲಿ ಇಂಥದ್ದೊಂದು ಆಗಬೇಕು, ಹಸಿ ಮೈಯಲ್ಲಿ ಮಗಳು ರಾಣಿ ಹಾಗೆ ಕೂರಬೇಕು. ಹೀಗೆಲ್ಲ ಅಂದುಕೊಂಡು ಆಚೆ ಬಂದರೆ ಬಾಗಿಲಲ್ಲಿ ಕೆಲಸದವಳು ಫಿನಾಯಿಲು ಹಿಡಿದು ನಿಂತಿದ್ದಳು. ಎರಡೆರಡು ಸಲ ತೊಳೆದುಬಿಡು, ಗೆಸ್ಟ್ ಬರುತ್ತಾರೆ ಎಂದು ಮ್ಯಾನೇಜರು ಅವನೆದುರಿಗೇ ಹೇಳಿದ. ಕೆಟ್ಟದ್ದಾಗಿ ಹೇಳಲಿಲ್ಲ. ಎಮ್ಮೆ ಹೋದ ಜಾಗ ತೊಳಿ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ. ನಿಂಗಯ್ಯ ಕೇಳಿಸದವನ ಹಾಗೆ ಕೈ ಮುಗಿದು ಬಂದ. ಕೈ ಬೇರೆ ಮುಗಿದು ಬಂದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಆ ಹುಡುಗನ ಮೇಲಿನ ಹಟವೆಷ್ಟು, ಮಗಳ ಮೇಲಿನ ಆಸೆಯೆಷ್ಟು, ಈಗ ಬಿಡಿಸಿ ನೋಡಲು ಹೋದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ.

ಬಸುರಿ ಇರುವ ಮನೆಯಲ್ಲಿ ಗೋಡೆ ಒಡೆಯಬಾರದು, ನೆಲ ಅಗೆಯಬಾರದು, ಬಾಗಿಲ ಕಟ್ಟು ಕೀಳಬಾರದು. ಈ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಸಂಜೆ ಹೊತ್ತು ಉಪ್ಪು ಕೊಡಬಾರದು ಎನ್ನುವ ಹಾಗೆ ಗೊತ್ತೇ ಇರುತ್ತದೆ. ಮಗಳು ಬಸುರಿ, ಈಗ ಗೋಡೆಯ ತಂಟೆಗೆ ಹೋಗಬೇಡಿ ಎಂದು ಸುನಂದಮ್ಮ ಮೊದಲೇ ಹೇಳಿದ್ದಳು. ನಿಂಗಯ್ಯ ಪಾಯಿಂಟು ಹಾಕಿದ. ಬಸುರಿ ಇರುವುದು ಪಿರಿಯಾಪಟ್ಟಣದಲ್ಲಿ, ಕೊಟ್ಟ ಹೆಣ್ಣಿಗೆ ಅದೇ ಮನೆ, ಆ ಮನೆಯ ಗೋಡೆ ಒಡೆದರೆ ತಪ್ಪು, ಈ ಮನೆಯ ಗೋಡೆಗೂ ಅದಕ್ಕೂ ಏನು ಸಂಬಂಧ. ಸುನಂದಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, "ಅಂಗಾರೆ ಬಾಣಂತನಕ್ಕೆ ಇಲ್ಲಿಗ್ಯಾಕೆ ಬತ್ತಾಳೆ?" ಎಂದಳು. ನಿಂಗಯ್ಯ ರೇಗಿದ. ಎರಡಕ್ಷರ ಓದದಿದ್ದರೆ ಹಿಂಗೇ ಎಂದ. ತಾನೇನು ಬಹಳ ಓದಿದವನ ಹಾಗೆ. ಕಂಠಪ್ಪನೂ ಸುತ್ತಿಗೆ ಹಿಡಿದುಕೊಂಡು ಹಿಂದೆ ಮುಂದೆ ನೋಡಿದ. ಮಗಳು ಬಸುರಿ ಅಂತೆ ಅಲ್ವಾ ಎಂದು ನೆಲ ನೋಡುತ್ತಾ ಕೇಳಿ, ಮೊದಲ ಏಟು ನೀನೇ ಹಾಕಿಬುಡು ಎಂದು ಸುತ್ತಿಗೆ ಕೈಗೆ ಕೊಟ್ಟ. ನಿಂಗಯ್ಯ ನಕ್ಕೊಂಡೇ ಹಾಕಿದ. ಹಳೇ ಬಚ್ಚಲಿನ ಮಸಿ ಹಿಡಿದ ಮಣ್ಣುಗೋಡೆ ಒಂದೇ ಏಟಿಗೆ ಒಳಕ್ಕೆ ಕುಸಿಯಿತು.

ಆಮೇಲೆ ಕಂಠಪ್ಪ ಹಾರೆ ಹಾಕಿ ಕಲ್ಲು ಎಬ್ಬಿಸುತ್ತಿದ್ದಾಗ ಪವಿತ್ರಾ ಫೋನು ಮಾಡಿದಳು. ಮಗು ಒದೆಯುತ್ತೆ ಅಪ್ಪ, ರಾತ್ರಿಯೆಲ್ಲ ಮಲಗಲು ಬಿಡುವುದಿಲ್ಲ ಎಂದು ಏನೇನೋ ಹೇಳುತ್ತಿದ್ದವಳು ಇದ್ದಕ್ಕಿದ್ದ ಹಾಗೆ, ಏನಪ್ಪ ಅದು ಸದ್ದು ಎಂದಳು. ಸೌದೆ ಸೀಳ್ತಾವ್ರೆ ಕಣವ್ವ ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತು. ಅವಳು ಬಂದು ನೋಡಿ ಬೆರಗಾಗಲಿ ಎಂದು ಹೇಳಿದ ಸುಳ್ಳು, ಕೆಟ್ಟದ್ದೇನೂ ಅಲ್ಲ. ಪವಿತ್ರಾ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ನಕ್ಕು, ನನ್ನ ಬಾಣಂತನಕ್ಕೆ ಒಂದಷ್ಟು ಎತ್ತಿಟ್ಟಿರಿ ಎಂದಿದ್ದಳು. ಮನೆಯಲ್ಲಿ, ಬೇಲಿಯಾಚೆ, ಎಲ್ಲರಿಗೂ ಬಾಯಿ ಕಟ್ಟಿದ್ದ, ಅವಳಿಗೆ ಹೇಳಬೇಡಿ ಎಂದು. ಆಗ ಅದು ಒಂದು ಖುಷಿಯನ್ನು ಮುಚ್ಚಿಡುವುದಾಗಿತ್ತು. ಈಗಲೂ ಬಾಯಿ ಕಟ್ಟುತ್ತಲೇ ಇದ್ದಾನೆ. ಬಚ್ಚಲುಮನೆ ಕಣ್ಣಿಗೆ ಬಿದ್ದರೆ ಬೀಳಲಿ, ತಾನು ಬಸುರಿಯಾಗಿದ್ದಾಗ ಅಪ್ಪ ಗೋಡೆ ಒಡೆದ ಎನ್ನುವುದು ಅವಳ ಕಿವಿಗೆ ಬೀಳಬಾರದು. ಲೋಕದಲ್ಲಿ ಈಗ ಅವನಿಗೆ ಬೇಕಾದ್ದು ಇದೊಂದೇ. ಮೊನ್ನೆ ಬಸವಮ್ಮನ ಮನೆಗೂ ಹೋಗಿ, ಜಗಲಿಯ ಮೇಲೆ ಕೂರದೆ ನಿಂತುಕೊಂಡೇ ಕೇಳಿಕೊಂಡಿದ್ದ. ಊರಿನ ಬಾಣಂತಿಯರಿಗೆಲ್ಲ ನೀರು ಹಾಕುವ ಮುದುಕಿ ಎಲೆ ಮಡಿಸುತ್ತಾ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿ, ನೀರಾಕೋಳು ನೀರಾಕ್ತಳೆ, ಮಾತಾಡ್ಸಕ್ಕೆ ಬತ್ತಾಳಾ ಎಂದಿದ್ದಳು. ಹ್ಞೂಂ ಅಂದ ಹಾಗೋ ಉಹ್ಞೂಂ ಅಂದ ಹಾಗೋ ತಿಳಿಯದೆ ವಾಪಸು ಬಂದಿದ್ದ.

ಈಗ ಅದೇ ಬಸವಮ್ಮ ಸೀರೆ ಎತ್ತಿ ಕಟ್ಟಿಕೊಂಡು ಬಂದಳು. ಕೊಟ್ಟಿಗೆಯ ಗೂಟಕ್ಕೂ ನುಗ್ಗೆಮರಕ್ಕೂ ಹಳೇ ಸೀರೆ ಮರೆ ಕಟ್ಟಿದ್ದರು. ನಿನ್ನೆ ಅಳಿಯ ಜೀಪಿನಲ್ಲಿ ತಂದು ಬಿಟ್ಟುಹೋದ ಮೇಲೆ ಪವಿತ್ರಾ ಕೋಣೆ ಬಿಟ್ಟು ಆಚೆ ಬಂದದ್ದು ಈಗಲೇ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸೊಂಟಕ್ಕೆ ಬಿಗಿದ ಪಟ್ಟಿ. ಬಾಣಂತಿಗೆ ಮಾಡುವುದೆಲ್ಲ ಮಾಡಿದ್ದರು, ಮಗು ಇಲ್ಲ ಅಷ್ಟೇ. ಹಸಿರು ಬಾಗಿಲ ಮುಂದೆ ಹಾದುಹೋಗುವಾಗ ಅವಳು ಒಂದು ಗಳಿಗೆ ನಿಂತಳು. ಏನೂ ಕೇಳದೆ ಮರೆಯ ಹಿಂದಕ್ಕೆ ಹೋದಳು. ಕರೆಂಟಿಲ್ಲವಲ್ಲ, ಅದಕ್ಕೇ ಇಲ್ಲಿ ಹಾಕ್ತಾ ಇರೋದು ಎಂದು ನಿಂಗಯ್ಯ ಯಾರೂ ಕೇಳದಿದ್ದರೂ ಹೇಳಿದ. ಕರೆಂಟು ನಿಜವಾಗಿಯೂ ಹೋಗಿತ್ತು. ಸುನಂದಮ್ಮ ತಿರುಗಿಯೂ ನೋಡಲಿಲ್ಲ. ಅವನು ಕೊಟ್ಟಿಗೆಯಲ್ಲಿ ಮೇವು ಸರಿಮಾಡುವ ನೆಪದಲ್ಲಿ ನಿಂತು, ಮರೆಯಾಚೆಯ ಒಂದೊಂದು ಸದ್ದಿಗೂ ಕಿವಿಯಿಟ್ಟ. ಬಿಸಿನೀರು ಬೆನ್ನಿಗೆ ರಪ್ ರಪ್ ಎಂದು ಬೀಳುತ್ತಿತ್ತು. ಒಂದು ಸಲ ಪವಿತ್ರಾ ಬಿಕ್ಕಿದ ಹಾಗಾಯಿತು. ತಕ್ಷಣ ಬಸವಮ್ಮ ಗದರಿದಳು. "ಹಸಿ ಮೈಲಿ ಅಳಬ್ಯಾಡ ಕಣವ್ವ, ಕಣ್ಣು ಓಯ್ತದೆ. ಮುಂದ್ಕೊಂದು ಆಗ್ಬೇಕಲ್ಲ." ಆಸ್ಪತ್ರೆಯಲ್ಲಿ ಪವಿತ್ರಾಳ ಅತ್ತೆಯೂ ಇದನ್ನೇ ಹೇಳಿದ್ದಳು, ನೋಡಲು ಬಂದವರೆಲ್ಲ ಇದನ್ನೇ ಹೇಳಿದ್ದರು. ಬಿಕ್ಕು ನಿಂತಿತು, ಆಮೇಲೆ ಬರೀ ನೀರಿನ ಸದ್ದು. ಬಸವಮ್ಮ ಬಗ್ಗಿ ಪವಿತ್ರಾಳ ಕಿವಿಯ ಹತ್ತಿರ ಏನೋ ಹೇಳುತ್ತಿರುವಂತೆ ಮರೆಯ ಮೇಲೆ ನೆರಳು ಆಡಿತು. ಕಿವಿಯಲ್ಲಿ ಹತ್ತಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ನೀರು ಹಾಕುವಾಗ ಹತ್ತಿ ತೆಗೆದಿರುತ್ತಾರೇನೋ ಎಂದು ಆಮೇಲೆ ಹೊಳೆಯಿತು.

ನೀರು ಮುಗಿದು, ಬೆಳ್ಳುಳ್ಳಿ ಸಿಪ್ಪೆ ಸಾಂಬ್ರಾಣಿಯ ಹೊಗೆ ಹಾಕಿ ಒಳಗೆ ಮಲಗಿಸಿದ ಮೇಲೆ ಸುನಂದಮ್ಮ ಬಾಗಿಲಿಗೆ ಬಂದಳು. ಅವನ ಕಡೆ ನೋಡದೆ, ಅಂತರಸಂತೆಗೆ ಹೋಗಿ ಮಲ್ಲಿಗೆ ಹೂವು ತರಬೇಕು, ಕಟ್ಟಿದ್ದಲ್ಲ ಬಿಡಿ ಹೂವು ಎಂದಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಆಡಿದ ಮಾತು. ಯಾತಕ್ಕೆ ಎಂದು ಬಾಯಿಗೆ ಬಂತು, ಅಷ್ಟರಲ್ಲಿ ಗೊತ್ತಾಯಿತು. ಅವನ ಅಕ್ಕನಿಗೂ ಹಿಂದೊಮ್ಮೆ ಹೀಗೇ ಆಗಿ, ಎದೆಗೆ ಮಲ್ಲಿಗೆ ಹೂವು ಕಟ್ಟಿದ್ದರು, ಹಾಲು ಬತ್ತಲಿ ಎಂದು. ಮನೆಯೆಲ್ಲ ಮದುವೆ ಮನೆ ಹಾಗೆ ಘಮಘಮ ಅನ್ನುತ್ತಿತ್ತು. ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದ ಅಕ್ಕನ ಮುಖ ಕಣ್ಣ ಮುಂದಿಟ್ಟುಕೊಂಡೇ ಮೊಪೆಡ್ಡು ಹತ್ತಿದ.

ಸಂತೆಬೀದಿಯಲ್ಲಿ ಹೂವಿನ ಸುಂದ್ರಮ್ಮ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಪವಿತ್ರಾಳ ಮದುವೆಗೆ ಹೂವು ಕಟ್ಟಿದವಳು ಅವಳೇ. ಬಿಡಿ ಹೂವು ಕೇಳಿದ. ದೇವರಿಗಾ ಎಂದಳು. ಹ್ಞೂಂ ಎಂದ. ಅಳೆದು ಎಲೆಗೆ ಸುರಿಯುತ್ತಾ, ಮಗಳು ಬಂದವ್ಳಂತೆ, ಜೀಪು ಹೋಗಿದ್ದು ನೋಡ್ದೆ, ಏನು ಮಗು ಎಂದಳು. ಪಕ್ಕದಲ್ಲಿ ವೀಳ್ಯದೆಲೆಯವನು, ಆಚೆಗೆ ಬಾಳೆಹಣ್ಣಿನವನು, ಇಬ್ಬರೂ ಗುರುತಿನವರು, ತಲೆ ಎತ್ತಿದರು. ಹೇಳಬೇಕಿದ್ದದ್ದು ಒಂದು ಮಾತು. ಅದರ ಬದಲು ನಿಂಗಯ್ಯನ ಬಾಯಿಂದ, "ಗಂಡು" ಎಂದು ಬಂತು. ಸುಳ್ಳಲ್ಲ. ಆಸ್ಪತ್ರೆಯ ವರಾಂಡದಲ್ಲಿ ಚಲುವರಾಜು ಬಿಳಿ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದ, ಮಾವ ಗಂಡುಮಗು ಎಂದಿದ್ದ. ಕರುಳುಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು, ಯಾರ ತಪ್ಪೂ ಅಲ್ಲ, ಕೆಲವು ಸಲ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನಿಂಗಯ್ಯ ಅದನ್ನು ಊರಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದ, ಕೇಳದವರಿಗೂ ಹೇಳಿದ್ದ. ಹೇಳಿದಷ್ಟೂ ಕಣ್ಣ ಮುಂದೆ ಬರುತ್ತಿದ್ದದ್ದು ಮಾತ್ರ ಕುಸಿಯುವ ಮಣ್ಣುಗೋಡೆ. ಸುಂದ್ರಮ್ಮನ ಮುಖ ಅರಳಿತು. ಸಿಹಿ ಎಲ್ಲಿ ಎಂದು ತಮಾಷೆ ಮಾಡಿ, ತೊಟ್ಟಿಲಿಗೆ ಇರಲಿ ಎಂದು ಒಂದು ಮೊಳ ಕಟ್ಟಿದ ಹೂವನ್ನೂ ಮೇಲಿಟ್ಟು, ಅದಕ್ಕೆ ಕಾಸು ಬೇಡವೆಂದಳು. ಬೇಡ ಎನ್ನಲಾರದೆ ಇಸಕೊಂಡ. ವೀಳ್ಯದೆಲೆಯವನು ಕೈ ಚಾಚಿ, ತಾತ ಆದೆ ಬುಡು ಎಂದು ಕೈ ಕುಲುಕಿದ. ಊರ ದಾರಿಯಲ್ಲಿ ಮೊಪೆಡ್ಡು ನಿಲ್ಲಿಸಿ ಆ ಮೊಳ ಹೂವನ್ನು ಬೇಲಿಯಾಚೆ ಎಸೆದ. ಎಸೆದವನಿಗೆ, ನಾಳೆ ನಾಡಿದ್ದು ಸುಂದ್ರಮ್ಮನಿಗೆ ನಿಜ ಗೊತ್ತಾಗುತ್ತದೆ, ಆಗ ಅವಳು ತನ್ನನ್ನು ಎಂಥವನು ಅಂದುಕೊಂಡಾಳು ಎಂದು ಹೊಳೆದು, ರಸ್ತೆಯಂಚಿನ ಮೋರಿಕಟ್ಟೆಯ ಮೇಲೆ ಕೂತುಬಿಟ್ಟ. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಹೂವಿನ ಎಲೆ ಇಸಕೊಂಡು ಸುನಂದಮ್ಮ ಕೋಣೆಯ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ವಾಸನೆ ಬಾಗಿಲ ಸಂದಿಯಿಂದ ಪಡಸಾಲೆಗೆ ಬಂತು. ನಿಂಗಯ್ಯ ಅಲ್ಲಿ ಕೂರಲಾರದೆ ಹಿತ್ತಿಲಿಗೆ ಬಂದು ಬಚ್ಚಲುಮನೆಯ ಮೆಟ್ಟಿಲ ಮೇಲೆ ಕೂತ. ಉಣ್ಣಲು ಯಾರೂ ಕರೆಯಲಿಲ್ಲ, ಅವನೂ ಕೇಳಲಿಲ್ಲ. ಇದನ್ನು ಕೆಡವಿಸಿಬಿಡಲಾ ಎಂದು ಯೋಚಿಸಿದ. ಕೆಡವಬೇಕಾದರೂ ಗೋಡೆ ಒಡೆಯಬೇಕಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕರೆಂಟು ಬಂತು, ಪಕ್ಕದ ಮನೆಯ ಟೀವಿ ಒಮ್ಮೆಲೇ ಬಾಯಿ ಮಾಡಿತು. ಬಾಗಿಲು ತೆಗೆದು ಗೀಜರಿನ ಸ್ವಿಚ್ಚು ಹಾಕಿದ.

ತಿರುಗಿದರೆ ಪವಿತ್ರಾ ನಿಂತಿದ್ದಳು. ತಲೆಯ ಬಟ್ಟೆ ಹಾಗೇ ಇತ್ತು, ಕಿವಿಯ ಹತ್ತಿ ಕೈಯಲ್ಲಿತ್ತು. ನೋಡ್ಲಾ ಅಪ್ಪ ಎಂದಳು. ಅವನು ಪಕ್ಕಕ್ಕೆ ಸರಿದ. ಸುಮ್ಮನಿರಬೇಕಿತ್ತು, ಆದರೆ ಬಾಯಿ ನಿಲ್ಲಲಿಲ್ಲ. ಇದು ಬಿಸಿನೀರು, ಇದು ತಣ್ಣೀರು, ಇದನ್ನು ಹಿಂಗೆ ತಿರುಗಿಸಿದರೆ ಮೇಲಿಂದ ಬತ್ತದೆ, ಕಲ್ಲು ಹೊಳೇದು, ಮಣೆ ಹಲಸಿಂದು. ಹೇಳುತ್ತಾ ಹೇಳುತ್ತಾ ದನಿಯಲ್ಲಿ ಒಂದು ಹೆಮ್ಮೆ ಇಣುಕಿದ್ದು ಅವನಿಗೇ ಕೇಳಿಸಿ, ನಾಚಿಕೆಯಾಗಿ ನಿಲ್ಲಿಸಿದ. ಪವಿತ್ರಾ ದುಂಡುಕಲ್ಲುಗಳ ಮೇಲೆ ಬರಿಗಾಲಿಟ್ಟು ನಿಂತಳು. ಅವಳಿಂದ ಮಲ್ಲಿಗೆ ವಾಸನೆ ಬರುತ್ತಿತ್ತು. ಚೆಂದಾಗದೆ ಎಂದಳು. ತುಂಬದ ಸಂದಿಯ ಮೇಲೆ ಬೆರಳಾಡಿಸುತ್ತಾ, ಅವನ ಕಡೆ ನೋಡದೆ ಹೇಳಿದಳು:

"ಅವತ್ತು ಫೋನಲ್ಲಿ ಕೇಳಿದ್ದು ಸೌದೆ ಸೀಳೋ ಸದ್ದಲ್ಲ, ಅಲ್ವಾ ಅಪ್ಪ?"

ಬಸವಮ್ಮ ಹೇಳಿಬಿಟ್ಟಳು ಎಂದುಕೊಂಡ. ಯಾರವ್ವ ಹೇಳಿದ್ದು ಎಂದ.

"ಯಾರೂ ಹೇಳ್ನಿಲ್ಲ. ಹಾರೆ ಸದ್ದು ಗೊತ್ತಾಗಕಿಲ್ವಾ ನಂಗೆ. ಅವತ್ತೇ ಗೊತ್ತಾಯ್ತು, ಅಪ್ಪ ಏನೋ ಕಟ್ಟುಸ್ತಾ ಅವ್ನೆ, ನಂಗೇ ಅಂತ. ಬ್ಯಾಡ ಕಣಪ್ಪ, ಈಗ ಮುಟ್ಬ್ಯಾಡ ಅನ್ಬೇಕಿತ್ತು. ಬಾಯಿಗೆ ಬಂದಿತ್ತು. ಖುಷಿಯಾಗಿಬುಡ್ತು, ಸುಮ್ನಾದೆ." ಬೆರಳು ಸಂದಿಯಲ್ಲೇ ನಿಂತಿತು. "ನಾನೇ ಸುಮ್ನಾದೆ."

ಇಷ್ಟು ದಿನ ಅವನು ಹೆದರಿದ್ದು ಮಗಳು ತನ್ನ ಕಡೆ ಬೆರಳು ತೋರಿಸಿಯಾಳು ಎಂದು. ತೋರಿಸಿದ್ದರೆ ಕಾಲು ಹಿಡಿದು ಅತ್ತುಬಿಡಬಹುದಿತ್ತು. ಅವಳು ಬೆರಳನ್ನು ತನ್ನ ಕಡೆಗೇ ತಿರುಗಿಸಿಕೊಂಡು ನಿಂತಿದ್ದಾಳೆ, ಆವತ್ತಿನಿಂದಲೂ, ಒಬ್ಬಳೇ. ಅದೆಲ್ಲ ಸುಳ್ಳು ಕಣವ್ವ ಎಂದ. ಗೋಡೆಗೂ ಮಗೂಗೂ ಏನು ಸಂಬಂಧ, ಕರುಳುಬಳ್ಳಿ ಸುತ್ತಿಕೊಂಡಿತ್ತು, ಡಾಕ್ಟ್ರೇ ಹೇಳವ್ರೆ, ಯಾರ ತಪ್ಪೂ ಅಲ್ಲ. ಹೇಳುತ್ತಿದ್ದ ಹಾಗೇ ಆ ದನಿಯ ಗುರುತು ಸಿಕ್ಕಿತು. ಸೌದೆ ಸೀಳ್ತಾವ್ರೆ ಎಂದ ದನಿಯೇ ಅದು, ಅಷ್ಟೇ ಸಲೀಸು. ತಾನೇ ನಂಬದ್ದನ್ನು ಅವಳು ನಂಬಲಿ ಎಂದರೆ ಹೇಗೆ. ಪವಿತ್ರಾ ಅವತ್ತಿನ ಹಾಗೇ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ತಲೆಯಾಡಿಸಿದಳು.

"ಬಾಗ್ಲು ಹಾಕ್ಕಂಡ್ರೆ ಒಳಗಿಂದು ಆಚೆಗೆ ಕೇಳ್ತದಾ?"

ನಿಂಗಯ್ಯ ಬಾಗಿಲ ಮೇಲಿನ ಕಿಂಡಿ ನೋಡಿದ. ಪಕ್ಕದ ಮನೆಯ ಟೀವಿಯಲ್ಲಿ ಯಾರೋ ಸೋಪಿನ ಬಗ್ಗೆ ಹೇಳುತ್ತಿದ್ದದ್ದು ಅದರಿಂದ ಒಂದಕ್ಷರ ಬಿಡದೆ ಒಳಗೆ ಬರುತ್ತಿತ್ತು.

"ಒಂಚೂರೂ ಕೇಳಾಕಿಲ್ಲ ಕಣವ್ವ," ಎಂದ. "ಗ್ವಾಡೆ ದಪ್ಪ ಹಾಕ್ಸಿವ್ನಿ."

ಅವನು ಆಚೆ ಬಂದ ಮೇಲೆ ಚಿಲಕ ಬಿತ್ತು. ಶವರಿನ ನೀರು ಕಲ್ಲಿನ ಮೇಲೆ ಸುರಿಯತೊಡಗಿತು. ಮೊದಲು ನೀರಿನ ಸದ್ದೊಂದೇ. ಆಮೇಲೆ ಅದರ ಅಡಿಯಿಂದ, ನೆಲದೊಳಗಿಂದ ಎನ್ನುವ ಹಾಗೆ, ಮಗಳ ದನಿ ಎದ್ದಿತು. ಸಣ್ಣವಳಿದ್ದಾಗ ಹೊಗೆಗೆ ಅರಚುತ್ತಿದ್ದ ದನಿಯಲ್ಲ. ಅವನು ಈವರೆಗೂ ಕೇಳದ ದನಿ. ಮಗುವನ್ನು ಏನೋ ಒಂದು ಹೆಸರಿಟ್ಟು ಕರೆಯುತ್ತಿದ್ದಳು, ಯಾರಿಗೂ ಹೇಳದೆ ತನ್ನಲ್ಲೇ ಇಟ್ಟುಕೊಂಡಿದ್ದ ಹೆಸರಿರಬೇಕು. ಕಿಂಡಿಯಿಂದ ಎಲ್ಲ ಕೇಳುತ್ತಿತ್ತು. ಒಳಗಿನಿಂದ ಸುನಂದಮ್ಮ ಓಡಿ ಬಂದಳು. ಬೇಲಿಯಾಚೆ ಬಸವಮ್ಮ ಸಂಜೆಯ ಹೊಗೆ ಹಾಕಲು ಕೆಂಡದ ಚಟ್ಟಿ ಹಿಡಿದು ಹೊರಟವಳು ನಿಂತು, ಏನದು ಸದ್ದು ಎಂದು ಈ ಕಡೆಗೆ ಕತ್ತು ಉದ್ದ ಮಾಡಿದಳು. ಈಗ ಬರುತ್ತಾಳೆ, ಬಾಗಿಲು ಬಡಿಯುತ್ತಾಳೆ, ಹಸಿ ಮೈಲಿ ಅಳಬ್ಯಾಡ ಎನ್ನುತ್ತಾಳೆ.

ನಿಂಗಯ್ಯ ನುಗ್ಗೆಮರದ ಬುಡಕ್ಕೆ ಹೋಗಿ ಕೊಡಲಿ ಕಿತ್ತುಕೊಂಡ. ಒಂದು ತುಂಡು ನಿಲ್ಲಿಸಿ ಬೀಸಿ ಹೊಡೆದ, ಇನ್ನೊಂದನ್ನು ಹೊಡೆದ. ಹಿತ್ತಿಲೆಲ್ಲ ಆ ಸದ್ದೇ ಆಯಿತು. ಕೈ ನಿಲ್ಲಿಸದೆ, ಬೇಲಿಯ ಕಡೆ ತಿರುಗದೆ, ಸೌದೆ ಸೀಳ್ತಾ ಇವ್ನಿ ಕಣಮ್ಮೋ, ಮಗಳು ಮಲಗವ್ಳೆ, ಆಮ್ಯಾಕೆ ಬಾ ಎಂದು ಕೂಗಿ ಹೇಳಿದ. ಬಸವಮ್ಮ ಒಂದಿಷ್ಟು ಹೊತ್ತು ಅಲ್ಲೇ ನಿಂತಿದ್ದು, ಚಟ್ಟಿ ಹಿಡಿದುಕೊಂಡು ತನ್ನ ಮನೆಯೊಳಗೆ ಹೋದಳು. ತೋಳು ಸೋಲುತ್ತಿತ್ತು, ಹೊಡೆತದ ನಡುವಿನ ಬಿಡುವಿನಲ್ಲಿ ಆ ಹೆಸರು ಮತ್ತೆ ಮತ್ತೆ ಕೇಳುತ್ತಿತ್ತು. ಸುನಂದಮ್ಮ ಮುಚ್ಚಿದ ಬಾಗಿಲನ್ನೂ ಅವನನ್ನೂ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ಇನ್ನೊಂದು ತುಂಡನ್ನು ಅವನ ಮುಂದೆ ನಿಲ್ಲಿಸಿದಳು.